ಕೆಳಗಿನಂತೆ, ಮೇಲಿನಂತೆ

ಮಾವ ನಿವೃತ್ತರಾದ ದಿನ ಕಚೇರಿಯವರು ಅವರಿಗೊಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಮೂವತ್ತೊಂದು ವರ್ಷ ಊರಿನ ನಕ್ಷೆಗಳನ್ನೆಲ್ಲ ತಡ ಮಾಡಿದ ಮನುಷ್ಯನಿಗೆ ಗಡಿಯಾರ! ಬೇಕೆಂದೇ ಕೊಟ್ಟಿದ್ದರು, ಕುಚೋದ್ಯದ ಮಂದಿ. ಮಾವನಿಗೆ ಅದು ಹೊಳೆಯಲಿಲ್ಲ. ಊಟದ ಕೋಣೆಯಲ್ಲಿ ಮೊಳೆ ಹೊಡೆದು ನೇತುಹಾಕಿ, “ಒಳ್ಳೇ ಜನ ಕಣಮ್ಮ” ಅಂದರು. ನಾನೋ, ಬಾಯಿ ಮುಚ್ಚಿಕೊಂಡು ಇರುವ ಪೈಕಿಯಲ್ಲ. “ಮಾವ, ಅವರು ನಿಮ್ಮನ್ನ ಆಡ್ಕೊಂಡಿದಾರೆ” ಅಂದುಬಿಟ್ಟೆ. ಅತ್ತೆ ಒಲೆಯ ಮುಂದಿನಿಂದಲೇ ಸೌಟು ಎತ್ತಿ ನನ್ನನ್ನು ಗದರಿದರು.

ಮಾವ ಕಟ್ಟಡ ಪರವಾನಗಿ ವಿಭಾಗದಲ್ಲಿ ನಕ್ಷೆ ಪರೀಕ್ಷಿಸುವವರು. ಈ ದೊಡ್ಡ ಊರಿನಲ್ಲಿ ಯಾರು ಏನು ಕಟ್ಟಬೇಕೆಂದರೂ ನಕ್ಷೆ ಅವರ ಮೇಜಿಗೆ ಬರಬೇಕಿತ್ತು. ಬಂದದ್ದು ಸುಲಭಕ್ಕೆ ಹೋಗುತ್ತಿರಲಿಲ್ಲ. ಕಚೇರಿಯಲ್ಲಿ ಅವರಿಗೆ ‘ನಾಳೆ ಬನ್ನಿ’ ಎಂದೇ ಅಡ್ಡಹೆಸರು. ಅವರದ್ದೊಂದು ಪದ್ಧತಿ ಇತ್ತು. ಎಲ್ಲಕ್ಕಿಂತ ಮೇಲಿನ ಮಹಡಿಯ ಮೂಲೆ ಕೋಣೆಯ ಮೇಲೆ ತೋರುಬೆರಳು ಇಡುವುದು. ಅಲ್ಲಿಂದ ಬಾಗಿಲು, ಬಾಗಿಲಿನಿಂದ ಮೆಟ್ಟಿಲು, ಮುಂದಿನ ಹಾಳೆ, ಮತ್ತೆ ಮೆಟ್ಟಿಲು, ಹೀಗೆ ಬೆರಳನ್ನು ನಡೆಸಿಕೊಂಡು ಬೀದಿಗೆ ತರುವುದು. ಒಂದು ದಾರಿಯಲ್ಲಲ್ಲ, ಎರಡು ದಾರಿಯಲ್ಲಿ. “ಒಂದು ಕಡೆ ಬೆಂಕಿ ಇದ್ರೆ ಇನ್ನೊಂದು ಕಡೆಯಿಂದ ಮನುಷ್ಯ ಇಳೀಬೇಕಲ್ಲ?” ಅನ್ನುತ್ತಿದ್ದರು. ಬೆರಳು ಬೀದಿ ಮುಟ್ಟದಿದ್ದರೆ ಸಹಿ ಇಲ್ಲ. ಆಮೇಲೆ ಉಕ್ಕಿನ ಟೇಪು ಹಿಡಿದು ಸ್ಥಳಕ್ಕೆ ಹೋಗಿ, ಅದೇ ದಾರಿಯನ್ನು ಕಾಲಿನಲ್ಲಿ ನಡೆದು ನೋಡಿ, ಮತ್ತೆ ಒಂದು ತಿಂಗಳು.

ಸುಳ್ಳೇಕೆ ಹೇಳಲಿ, ಆ ನಿಧಾನದಿಂದ ಜನ ನರಳಿದ್ದನ್ನೂ ನೋಡಿದ್ದೇನೆ. ಅಂಗವಿಕಲ ತಾಯಿಗೊಂದು ಕೆಳಕೋಣೆ ಕಟ್ಟಿಸಲು ಹದಿನಾಲ್ಕು ತಿಂಗಳು ಅಲೆದವನೊಬ್ಬ ನಮ್ಮ ಬಾಗಿಲಿಗೇ ಬಂದು ಅತ್ತಿದ್ದ. ಕೋಣೆಗೆ ಒಪ್ಪಿಗೆ ಸಿಕ್ಕಾಗ ತಾಯಿ ಇರಲಿಲ್ಲ. ಮಾವ ಒಂದು ಚಹಾವನ್ನೂ ಯಾರಿಂದಲೂ ಕುಡಿದವರಲ್ಲ. ಆದರೆ ಅವರ ನಿಧಾನದ ನೆರಳಿನಲ್ಲಿ ಪಕ್ಕದ ಮೇಜಿನವನು ಲಂಚ ತಿಂದು ಎರಡು ಮನೆ ಕಟ್ಟಿದ.

ಹಾಗಾಗಿ ನಗರಸಭೆ ‘ಏಳು ದಿನದ ಪರವಾನಗಿ’ ತಂದಾಗ ಊರಿಗೆ ಊರೇ ಸಂತೋಷಪಟ್ಟಿತು. ಇನ್ನು ಕಚೇರಿಯವರು ನಕ್ಷೆ ನೋಡುವುದಿಲ್ಲ, ಸ್ಥಳಕ್ಕೂ ಬರುವುದಿಲ್ಲ. ಲೈಸೆನ್ಸು ಇರುವ ಎಂಜಿನಿಯರ್ ತಾನೇ ನೋಡಿ, ‘ಎಲ್ಲ ಸರಿಯಿದೆ, ನಾನು ಹೊಣೆ’ ಎಂದು ಸಹಿ ಹಾಕಿ ಕಳಿಸಿದರೆ ಏಳನೇ ದಿನ ಮೊಹರು ಬೀಳುತ್ತದೆ. ಅಂಥ ಲೈಸೆನ್ಸು ಪಡೆದವರಲ್ಲಿ ನನ್ನ ಗಂಡನೂ ಒಬ್ಬರು. ಅಪ್ಪ ತಡೆಯುತ್ತಿದ್ದ ಬಾಗಿಲಲ್ಲೇ ಮಗ ಟಿಕೆಟ್ಟು ಹರಿಯಲು ಕೂತ ಹಾಗೆ ಆಯಿತು.

ಆ ವಿಷಯಕ್ಕೆ ಊಟದ ಮೇಜಿನಲ್ಲಿ ದಿನಾ ಜಗಳ.

“ಏಳು ದಿನದಲ್ಲಿ ಮೊಟ್ಟೇನೂ ಮರಿ ಆಗಲ್ಲ, ಇವರು ಐದು ಮಹಡಿ ಎಬ್ಬಿಸ್ತಾರಂತೆ” ಅಂದರು ಮಾವ.

“ಎಬ್ಬಿಸೋದಲ್ಲಪ್ಪ, ಒಪ್ಪಿಗೆ ಕೊಡೋದು. ನೀವು ಎಂಟು ತಿಂಗಳು ತಗೋತಿದ್ರಲ್ಲ, ಅದನ್ನ.”

“ಯಾರು ನೋಡ್ತಾರೆ?”

“ನಾನು ನೋಡ್ತೀನಿ. ನನ್ನ ಸಹಿ, ನನ್ನ ಜವಾಬ್ದಾರಿ.”

“ನಿನ್ನನ್ನ ಯಾರು ನೋಡ್ತಾರೆ?”

“ಅತ್ತಿಗೆ ನೋಡ್ಕೋತಾರೆ ಬಿಡಪ್ಪ” ಅಂದಳು ನನ್ನ ನಾದಿನಿ. ಮನೆಯಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಎನ್ನುತ್ತಿದ್ದೆವು, ಇಪ್ಪತ್ತಾರು ತುಂಬಿದ್ದರೂ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಚೆಕಿಂಗ್ ಟೇಬಲ್ಲಿನ ಕೆಲಸ. ಹೊಲಿದು ಬಂದ ಅಂಗಿಯ ಗುಂಡಿ ಎಳೆದು ನೋಡಿ, ಬಿಟ್ಟ ದಾರ ಕತ್ತರಿಸಿ, ಸರಿಯಿಲ್ಲದ್ದನ್ನು ವಾಪಸ್ ಎಸೆಯುವುದು. ಅಪ್ಪನ ಗುಣ ಅಂಗಿಯ ಮೇಲೆ ಇಳಿದಿದೆ ಎಂದು ನಾನು ಛೇಡಿಸುತ್ತಿದ್ದೆ.

ಆ ಭಾನುವಾರದ ಮಾತಿಗೆ ಬರುತ್ತೇನೆ. ಎಲ್ಲ ಕೆಟ್ಟದ್ದು ಅಂದೇ, ಮಧ್ಯಾಹ್ನದ ಬಿಸಿಲಿನಲ್ಲಿ, ನಾವೆಲ್ಲ ನಗುನಗುತ್ತ ಇರುವಾಗ.

ಕಟ್ಟಡದ ಮಾಲೀಕನೊಬ್ಬ, ಯಾವಾಗಲೂ ಬಿಳಿ ಬೂಟು ಹಾಕಿಕೊಂಡು ಬರುವವನು, ಐದು ಹಂತದ ಕಟ್ಟಡದ ನಕ್ಷೆ ಕೇಳಿದ್ದ. ಕೆಳಗೆ ಅಂಗಡಿಗಳು, ಮೇಲೆ ನಾಲ್ಕು ಮಹಡಿ ಬಾಡಿಗೆಗೆ. ಸೋಮವಾರ ಬೆಳಿಗ್ಗೆಯೊಳಗೆ ಅರ್ಜಿ ಹೋಗಲೇಬೇಕು. ನನ್ನ ಗಂಡನ ಕೈಯಲ್ಲಿ ಅದೇ ಹೊತ್ತಿಗೆ ಇನ್ನೂ ಎರಡು ಕೆಲಸ. ಪೇಪರ್ ಓದುವ ನೆಪದಲ್ಲಿ ಮಗನ ಪರದಾಟ ನೋಡುತ್ತಿದ್ದ ಮಾವ ಕೊನೆಗೆ ಕನ್ನಡಕ ಒರೆಸಿಕೊಂಡು ಎದ್ದರು.

“ಮೇಲಿನ ನಾಲ್ಕು ಹಾಳೆ ಇಲ್ಲಿ ಕೊಡು. ನೆಲಮಹಡಿ ನೀನು ಮಾಡ್ಕೋ.”

“ನೀವಾ? ಏಳು ದಿನದ್ದಕ್ಕಾ?”

“ಕೊಡೋ, ಮಾತು ಬೇಡ.”

ಎರಡು ವರ್ಷದ ನಂತರ ಪೆನ್ಸಿಲು ಹಿಡಿದ ಮಾವನ ಮುಖ ನೋಡಬೇಕಿತ್ತು. ಮೇಜು ಇಬ್ಬರಿಗೆ ಸಾಲದೆ ನನ್ನ ಗಂಡ ಮಲಗುವ ಕೋಣೆಯ ನೆಲದ ಮೇಲೆ ಹಾಳೆ ಹರಡಿಕೊಂಡರು. ನಾನು ಚಹಾ ಲೋಟ ಹಿಡಿದು ಆ ಕೋಣೆಯಿಂದ ಈ ಕೋಣೆಗೆ ಓಡಾಡಿದೆ.

ನಕ್ಷೆಯವರಲ್ಲಿ ಒಂದು ಅಭ್ಯಾಸ ಇದೆ. ಒಂದೇ ಥರದ್ದನ್ನು ಐದು ಹಾಳೆಯಲ್ಲಿ ಐದು ಸಲ ಬರೆಯುವುದಿಲ್ಲ. ಒಂದರಲ್ಲಿ ಬರೆದು ಉಳಿದದ್ದರಲ್ಲಿ ‘ಮೇಲಿನಂತೆ’ ಅಥವಾ ‘ಕೆಳಗಿನಂತೆ’ ಎಂದು ಬರೆದುಬಿಡುತ್ತಾರೆ. ಮಾವ ಹಿಂಬದಿಯ ಮೆಟ್ಟಿಲನ್ನು ನಾಲ್ಕನೇ ಮಹಡಿಯಿಂದ ಮೊದಲನೇ ಮಹಡಿಯವರೆಗೆ ಇಳಿಸಿಕೊಂಡು ಬಂದು ನನ್ನನ್ನು ಕರೆದರು.

“ಈ ಹಿಂದಿನ ಮೆಟ್ಟಿಲು ನೆಲಕ್ಕೆ ಎಲ್ಲಿ ಇಳಿಯುತ್ತೆ, ಕೇಳಮ್ಮ ಅವನ್ನ.”

ನಾನು ಹೋಗಿ ಕೇಳಿದೆ. ನನ್ನ ಗಂಡ ಬಿಳಿ ಬೂಟಿನವನ ಜೊತೆ ಫೋನಿನಲ್ಲಿದ್ದರು. ಫೋನಿಗೆ ಅಂಗೈ ಮುಚ್ಚಿ, “ಹಿಂದಿನ ಭಾಗ ಎಲ್ಲಾ ಮೇಲಿನಂತೆ ಅಂತ ಹೇಳು” ಅಂದರು.

ನಾನು ಬಂದು ಹೇಳಿದೆ: “ಮೇಲಿನಂತೆ ಅಂತೆ, ಮಾವ.”

“ಸರಿ. ಹಾಗಾದ್ರೆ ಅವನು ಹಾಕಿದಾನೆ” ಎಂದು ಮಾವ ತಮ್ಮ ಹಾಳೆಯ ಮೂಲೆಯಲ್ಲಿ ‘ಮೆಟ್ಟಿಲು ಕೆಳಗಿನಂತೆ’ ಎಂದು ಬರೆದರು.

ಪುಟ್ಟಿ ತಲೆಗೂದಲು ಒಣಗಿಸುತ್ತ ಕೂತಿದ್ದಳು. “ಮೇಲಿನಂತೆ ಅಂತೆ, ಕೆಳಗಿನಂತೆ ಅಂತೆ! ಇದೇನು ನಕ್ಷೇನಾ, ಅಂತೆಕಂತೆಗಳ ಸಂತೇನಾ?” ಅಂದಳು. ಮಾವ ಕೂಡ ನಕ್ಕರು.

ಸಂಜೆ ಆರರ ಹೊತ್ತಿಗೆ ಮುಗಿಯಿತು. “ಬೆಳಿಗ್ಗೆ ಒಂದ್ಸಲ ಬೆರಳು ನಡೆಸಿಬಿಡ್ತೀನಿ, ಆಮೇಲೆ ಕಳಿಸು” ಎಂದು ಮಾವ ಬೆನ್ನು ನೀವಿಕೊಂಡು ವಾಕಿಂಗ್ ಹೋದರು. ವಾಪಸ್ ಬರುವಷ್ಟರಲ್ಲಿ ನನ್ನ ಗಂಡ ಐದೂ ಹಾಳೆಗೆ ಸಹಿ ಹಾಕಿ ಕಳಿಸಿ ಆಗಿತ್ತು. ಮಾವ ಒಂದು ದಿನ ಮಾತು ಬಿಟ್ಟರು, ಅಷ್ಟೆ. ಏಳನೇ ದಿನ ಪರವಾನಗಿ ಬಂತು. ಬಿಳಿ ಬೂಟಿನವನು ಕೈ ಕುಲುಕಿ, “ಅಪ್ಪ ಮಗ ಕೂತು ಮಾಡಿದ ಕೆಲಸ ಅಂದ್ರೆ ಇದು” ಅಂದ. ಮಾವನ ಎದೆ ಎರಡು ಅಂಗುಲ ಉಬ್ಬಿದ್ದನ್ನು ನಾನೇ ಕಂಡೆ.

ಕಟ್ಟಡ ಹನ್ನೊಂದು ತಿಂಗಳಲ್ಲಿ ಎದ್ದಿತು. ಅದರ ಮೂರನೇ ಮಹಡಿಗೆ ಬಾಡಿಗೆಗೆ ಬಂದದ್ದು ಯಾರು? ಪುಟ್ಟಿಯ ಕಾರ್ಖಾನೆ. “ಇನ್ಮೇಲೆ ನಮ್ಮ ಬಿಲ್ಡಿಂಗಿಗೇ ಕೆಲಸಕ್ಕೆ ಹೋಗೋದು ನಾನು” ಎಂದು ಮನೆಯಲ್ಲೆಲ್ಲ ಬೀಗಿದಳು ಹುಡುಗಿ.

ಅವರು ಅಲ್ಲಿಗೆ ಹೋದ ಎರಡನೇ ವಾರದ ಮಂಗಳವಾರ, ರಾತ್ರಿಯ ಊಟ. ಅನ್ನ, ಬೇಳೆ, ಒಬ್ಬೊಬ್ಬರಿಗೆ ಒಂದೊಂದು ಮೊಟ್ಟೆ. ಪುಟ್ಟಿ ತಿನ್ನುತ್ತ ತಿನ್ನುತ್ತ ಕೇಳಿದಳು.

“ಅಣ್ಣಾ, ಆ ಹಿಂದಿನ ಮೆಟ್ಟಿಲು ಯಾತಕ್ಕೆ ಇಟ್ಟಿದೀಯ? ನಾವು ಕೂತು ಊಟ ಮಾಡೋಕಾ?”

“ಯಾಕೆ?”

“ಮತ್ತಿನ್ನೇನು? ಮೂರರಿಂದ ಎರಡಕ್ಕೆ ಬರುತ್ತೆ, ಎರಡರಿಂದ ಒಂದಕ್ಕೆ ಬರುತ್ತೆ. ಅಲ್ಲಿ ಗೋಡೆ. ಮುಂದಕ್ಕೆ ದಾರೀನೇ ಇಲ್ಲ. ತಂಪಾಗಿದೆ ಅಂತ ಹುಡುಗೀರೆಲ್ಲ ಅಲ್ಲೇ ಡಬ್ಬಿ ಬಿಚ್ತೀವಿ. ಬಣ್ಣದ ವಾಸನೆ ಒಂದೇ ತೊಂದರೆ.”

ಮಾವನ ಕೈ ತಟ್ಟೆಯ ಮೇಲೇ ನಿಂತಿತು. “ಯಾವ ಬಣ್ಣ?”

“ಗೋಡೆ ಆಚೆ, ಕೆಳಗೆ ಬಣ್ಣದಂಗಡಿ ಗೋಡೌನು. ಬಣ್ಣಕ್ಕೆ ಬೆರೆಸೋ ಥಿನ್ನರ್ ಡಬ್ಬಿಗಳು, ಪೆಟ್ರೋಲಿನ ಹಾಗೆ ವಾಸನೆ.”

“ಮುಂದಿನ ಮೆಟ್ಟಿಲು?”

“ಅದಿದೆ. ಅರ್ಧದಷ್ಟು ಮಾಲಿನ ರಟ್ಟಿನ ಪೆಟ್ಟಿಗೆ ಇಟ್ಟಿರ್ತಾರೆ. ಒಬ್ಬೊಬ್ಬರೇ ಇಳೀಬೇಕು.”

“ಎಷ್ಟು ಜನ ಇದೀರಮ್ಮ ನೀವು?”

“ನೂರ ನಲವತ್ತು. ಯಾಕಪ್ಪಾ?”

ಮಾವ ಎದ್ದು ಕೈ ತೊಳೆದರು. ತಟ್ಟೆಯಲ್ಲಿ ಮೊಟ್ಟೆ ಹಾಗೇ ಇತ್ತು. ಅತ್ತೆ, “ಊಟದ ಮಧ್ಯೆ ಏಳ್ತಾರಾ ಯಾರಾದ್ರೂ?” ಎಂದು ಗೊಣಗಿದರು. ನನ್ನ ಗಂಡ ಮಾತ್ರ ತಲೆ ಎತ್ತದೆ ಅನ್ನ ಕಲಸುತ್ತಲೇ ಇದ್ದರು.

ಮರುದಿನ ಬೆಳಿಗ್ಗೆ ಮಾವ ಉಕ್ಕಿನ ಟೇಪು ಜೇಬಿಗೆ ಹಾಕಿಕೊಂಡು ಹೋದರು. ಮಧ್ಯಾಹ್ನ ಬಂದು, ಬಟ್ಟೆ ಬದಲಿಸದೆ, ಮಗನಿಂದ ಐದು ಹಾಳೆಗಳನ್ನು ಮೇಜಿನ ಮೇಲೆ ಹರಡಿಸಿದರು. ನಾಲ್ಕನೇ ಮಹಡಿಯ ಮೂಲೆಯಲ್ಲಿ ಬೆರಳಿಟ್ಟರು. ಬೆರಳು ಇಳಿಯಿತು, ಇಳಿಯಿತು, ಮೊದಲನೇ ಮಹಡಿಗೆ ಬಂತು. ‘ಮೆಟ್ಟಿಲು ಕೆಳಗಿನಂತೆ.’ ಕೆಳಗಿನ ಹಾಳೆ ಎಳೆದುಕೊಂಡರು. ಆ ಮೂಲೆಯಲ್ಲಿ ನನ್ನ ಗಂಡನ ಅಕ್ಷರ: ‘ಹಿಂಭಾಗ ಮೇಲಿನಂತೆ.’ ಮೇಲಿನದು ಕೆಳಗೆ ನೋಡು ಅನ್ನುತ್ತದೆ, ಕೆಳಗಿನದು ಮೇಲೆ ನೋಡು ಅನ್ನುತ್ತದೆ. ನೆಲಕ್ಕೆ ಇಳಿಯುವ ಆ ಹದಿನೆಂಟು ಮೆಟ್ಟಿಲನ್ನು ಇಬ್ಬರೂ ಬರೆದಿರಲಿಲ್ಲ. ಕಾಗದ ಸುಮ್ಮನಿದ್ದ ಕಡೆ ಬಿಳಿ ಬೂಟಿನವನು ಒಂದು ಗೋದಾಮು ಮಾಡಿಕೊಂಡಿದ್ದ.

“ನೀವು ನೆಲದವರೆಗೆ ತರ್ತೀರಿ ಅಂತ ನಾನು ಬಿಟ್ಟೆ” ಅಂದರು ನನ್ನ ಗಂಡ.

“ನೀನು ಹಾಕಿದೀಯ ಅಂತ ನಾನು ಬಿಟ್ಟೆ. ಕೇಳಿ ಕಳಿಸಿದ್ನಲ್ಲೋ!”

ಇಬ್ಬರೂ ನನ್ನ ಮುಖ ನೋಡಿದರು. ನನಗೆ ರೇಗಿಹೋಯಿತು. “ನನ್ನನ್ನೇನು ನೋಡ್ತೀರಿ? ನೀವು ಹೇಳಿದ್ದನ್ನ ಅವರಿಗೆ ಹೇಳ್ದೆ. ಎದ್ದು ಎಂಟು ಹೆಜ್ಜೆ ನಡೆದು ನೋಡೋಕೆ ಇಬ್ಬರಿಗೂ ಆಗ್ಲಿಲ್ವಾ? ಚಹಾ ಕೊಡೋಳ ಬಾಯಲ್ಲಿ ಮೆಟ್ಟಿಲು ಕಟ್ಟಿದ್ರಾ?” ಎಂದು ಕೂಗಾಡಿದೆ. ಆದರೂ ಆ ಮಾತನ್ನು ಹೊತ್ತು ತಂದವಳು ನಾನೇ.

ಮಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ತಪ್ಪು ನಂದು. ಬೆರಳು ನಡೆಸದೆ ಹಾಳೆ ಕೈಬಿಟ್ಟೆ. ಮೂವತ್ತೊಂದು ವರ್ಷದಲ್ಲಿ ಒಂದ್ಸಲ ಅವಸರ ಮಾಡ್ದೆ” ಅಂದರು. ಆಮೇಲೆ, “ಗೋಡೆ ಒಡೆಸು, ಮೆಟ್ಟಿಲು ನೆಲಕ್ಕೆ ಇಳಿಸು” ಅಂದರು ಮಗನಿಗೆ.

ನನ್ನ ಗಂಡ ಅಂದೇ ಬಿಳಿ ಬೂಟಿನವನ ಹತ್ತಿರ ಹೋದರು. ಅವನು ಕುರ್ಚಿ ಹಾಕಿ, ತಣ್ಣಗೆ ಕುಡಿಯಲು ಕೊಟ್ಟು, ನಗುತ್ತಲೇ ಹೇಳಿದನಂತೆ: “ಗೋಡೌನು ಮೂರು ವರ್ಷಕ್ಕೆ ಕರಾರು ಆಗಿದೆ. ಒಡೆಯೋಕೆ ಆಗಲ್ಲ. ನಿಮ್ಮ ಪ್ಲಾನಿನಲ್ಲಿ ಇದ್ದ ಹಾಗೇ ಕಟ್ಟಿದೀನಿ. ಸಹಿ ಯಾರದು, ನೋಡಿ.”

ಮಾವ ತಮ್ಮ ಹಳೆಯ ಕಚೇರಿಗೆ ಹೋದರು. ಅವರ ಮೇಜಿದ್ದ ಕಡೆ ಈಗ ಗಾಜಿನ ಕಿಟಕಿಗಳು. ಗುರುತಿನವರು ಯಾರೂ ಇಲ್ಲ. ಕಿಟಕಿಯೊಳಗಿನ ಹೆಂಗಸು ಒಳ್ಳೆಯವಳೇ, ಎಲ್ಲ ಕೇಳಿಸಿಕೊಂಡಳಂತೆ. “ಕೊಡೋದಕ್ಕೆ ಏಳು ದಿನ ಅಂತಿದೆ ಸಾರ್, ವಾಪಸ್ ತಗೊಳ್ಳೋದಕ್ಕೆ ದಿನ ಹಾಕಿಲ್ಲ” ಅಂದಳು. ದಾರಿ ಇರುವುದು ಎರಡೇ. ಸಹಿ ಹಾಕಿದ ಎಂಜಿನಿಯರೇ ತಪ್ಪೊಪ್ಪಿ ತಿದ್ದುಪಡಿ ಅರ್ಜಿ ಕೊಡಬೇಕು, ಇಲ್ಲವೇ ಆ ಕಟ್ಟಡದಲ್ಲಿ ವಾಸ ಇರುವವರೋ ಕೆಲಸ ಮಾಡುವವರೋ ಗುರುತಿನ ಚೀಟಿ ತೋರಿಸಿ ದೂರು ಕೊಡಬೇಕು. ಬೀದಿಯಲ್ಲಿ ಹೋಗುವವರ ಮಾತಿಗೆಲ್ಲ ಕಟ್ಟಡ ನೋಡಲು ಅವರ ಬಳಿ ಜನ ಇಲ್ಲ. “ಎಂಜಿನಿಯರ್ ಕೊಟ್ರೆ?” ಎಂದು ಕೇಳಿದ್ದಕ್ಕೆ, “ಕಟ್ಟಡಕ್ಕೆ ಅವತ್ತೇ ಬೀಗ. ಅವರ ಲೈಸೆನ್ಸು ರದ್ದು, ಮೇಲೆ ಕೇಸು. ಜೈಲೂ ಆಗಬಹುದು” ಅಂದಳಂತೆ. ಮಾವ ಖಾಲಿ ಅರ್ಜಿ ಹಾಳೆ ತಂದು ಊಟದ ಮೇಜಿನ ಮೇಲಿಟ್ಟರು.

ಆ ಹಾಳೆ ಅಲ್ಲೇ ಕೂತಿತು. ತಟ್ಟೆ ಹಾಕುವಾಗ ಎತ್ತುತ್ತಿದ್ದೆ, ಮೇಜು ಒರೆಸಿ ಮತ್ತೆ ಇಡುತ್ತಿದ್ದೆ. ಬಿಸಾಡು ಎಂದು ಯಾರೂ ಹೇಳಲಿಲ್ಲ, ಬರೆ ಎಂದು ಮಾವ ದಿನಾ ಹೇಳಿದರು.

“ಬರೆಯೋ. ಮೂರು ಸಾಲು. ನಾನೂ ಕೆಳಗೆ ಸಹಿ ಹಾಕ್ತೀನಿ.”

“ನಿಮ್ಮ ಸಹಿಗೆ ಏನು ಬೆಲೆ ಈಗ? ಜೈಲಿಗೆ ಹೋಗೋನು ನಾನು.”

ಅತ್ತೆ ಪಾತ್ರೆಯನ್ನು ಧಡ್ಡನೆ ಇಟ್ಟರು. “ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಇವರನ್ನ ನೋಡೇ ಹೇಳಿರ್ಬೇಕು. ಇಡೀ ಊರು ಬೈದಾಗ ನಿಮ್ಮ ಅನ್ನ ಬೇಯಿಸಿ ಹಾಕ್ದೆ. ಈಗ ಮಗನ ಅನ್ನಕ್ಕೆ ಕಲ್ಲು ಹಾಕೋಕೆ ಹೊರಟಿದೀರಾ? ಆ ಕಾಗದಕ್ಕೆ ಸಹಿ ಬಿದ್ದ ದಿನ ಈ ಮನೇಲಿ ನಾನು ಒಲೆ ಹಚ್ಚಲ್ಲ.”

“ಏನಾದ್ರೂ ಆದ್ರೆ?”

“ಏನಾಗುತ್ತೆ? ಊರಲ್ಲಿ ಎಷ್ಟು ಕಟ್ಟಡ ಇವೆ, ಎಲ್ಲದಕ್ಕೂ ಎರಡು ಮೆಟ್ಟಿಲಿದೆಯಾ? ನಮ್ಮ ಮನೆಗೇ ಇಲ್ಲ!”

“ನಮ್ಮ ಮನೆ ಕೆಳಗೆ ಥಿನ್ನರ್ ಇಲ್ಲಮ್ಮ” ಅಂದಳು ಪುಟ್ಟಿ.

“ನೀನು ಬಾಯ್ಮುಚ್ಚು. ನಿನ್ನಿಂದಲೇ ಶುರುವಾಗಿದ್ದು ಇದೆಲ್ಲ. ಕೆಲಸ ಬಿಟ್ಟು ಮನೇಲಿರು.”

“ನಾನು ಬಿಟ್ರೆ ಉಳಿದ ನೂರ ಮೂವತ್ತೊಂಬತ್ತು?”

“ಅವರಿಗೆ ಅವರವರ ಅಮ್ಮ ಇಲ್ವಾ?”

ಪುಟ್ಟಿ ಕಾರ್ಖಾನೆಯ ಗೆಳತಿಯರಿಗೆ ಹೇಳಿ ನೋಡಿದ್ದಳು. ಒಬ್ಬಳು, “ದೂರು ಕೊಟ್ರೆ ಬೀಗ ಹಾಕ್ತಾರೆ, ಬೀಗ ಹಾಕಿದ್ರೆ ನನ್ನ ಮನೆ ಬಾಡಿಗೆ ನೀನು ಕಟ್ತೀಯಾ?” ಎಂದು ಕೇಳಿದಳಂತೆ. ಉಳಿದವರು ಮಾತನ್ನೇ ಬದಲಿಸಿದರು. ಆ ರಾತ್ರಿ ಊಟಕ್ಕೆ ಕೂತಾಗ ಅವಳು ತನ್ನ ಗುರುತಿನ ಚೀಟಿಯನ್ನು ಕೊರಳಿಂದ ತೆಗೆದು ಅರ್ಜಿಯ ಪಕ್ಕದಲ್ಲಿಟ್ಟಳು.

“ಅಣ್ಣಾ, ಹತ್ತು ದಿನ ಕೊಡ್ತೀನಿ. ನೀನಾಗಿ ಒಪ್ಪಿಕೊಂಡ್ರೆ ಶಿಕ್ಷೆ ಕಮ್ಮಿ ಆಗುತ್ತೆ ಅಂತ ವಿಚಾರಿಸಿಕೊಂಡು ಬಂದಿದೀನಿ. ನೀನು ಬರೀದಿದ್ರೆ ಹನ್ನೊಂದನೇ ದಿನ ದೂರು ನಾನು ಕೊಡ್ತೀನಿ.”

“ನನ್ನ ಮೇಲೆ?”

“ಗೋಡೆ ಮೇಲೆ. ನಿನ್ನ ಹೆಸರು ಅದರ ಮೇಲಿದ್ರೆ ನಾನೇನು ಮಾಡ್ಲಿ?” ಅಂದಳು ಹುಡುಗಿ. ಚಿಕ್ಕಂದಿನಲ್ಲಿ ಅವಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದವರು ಅಣ್ಣನೇ.

ಆರನೇ ದಿನ ನಾನು ತಾರಸಿಗೆ ಒಣಗಿದ ಬಟ್ಟೆ ತರಲು ಹೋದೆ. ಹೊದಿಕೆಗಳ ಆಚೆ ನನ್ನ ಗಂಡ ಫೋನಿನಲ್ಲಿ ಮಾತನಾಡುತ್ತಿದ್ದರು. “ಹೂಂ… ನಮ್ಮ ಹುಡುಗೀನೇ… ಹನ್ನೊಂದನೇ ದಿನ ಅಂದಿದಾಳೆ… ಕೋಪ ಮಾಡ್ಕೋಬೇಡಿ, ನೀವೇ ಸೂಪರ್‌ವೈಸರಿಗೆ ಒಂದು ಮಾತು ಹೇಳಿಬಿಡಿ… ಹೌದು, ಗುರುತಿನ ಚೀಟಿ ವಾಪಸ್ ತಗೊಂಡ್ರೆ ಸಾಕು.”

ಹೊದಿಕೆ ಸರಿಸಿ ಎದುರು ನಿಂತೆ. ಫೋನು ಆರಿಸಿದರು.

“ತಂಗಿ ಕೆಲಸ ತೆಗೆಸ್ತಿದೀರಾ?”

“ಅವಳನ್ನ ಉಳಿಸ್ತಿದೀನಿ ಕಣೇ. ಆ ಬಿಲ್ಡಿಂಗಿನಿಂದ ಹೊರಗೆ ಬರ್ಲಿ ಮೊದಲು.”

“ಅವಳನ್ನ ಉಳಿಸ್ತಿದೀರೋ, ನಿಮ್ಮನ್ನ ಉಳಿಸ್ಕೋತಿದೀರೋ?”

“ಇಬ್ಬರನ್ನೂ. ತಪ್ಪೇನು? ಮೂರು ವರ್ಷ ಕಳೀಲಿ, ಕರಾರು ಮುಗಿದ ಮೇಲೆ ಗೋಡೆ ಒಡೆಸ್ತೀನಿ ಅಂದಿದಾನೆ ಅವನು.”

“ಮೂರು ವರ್ಷ ಬೆಂಕಿ ಕಾಯ್ಕೊಂಡು ಕೂತಿರುತ್ತಾ?”

ಅವರು ಹೊದಿಕೆಯ ಇನ್ನೊಂದು ತುದಿ ಹಿಡಿದುಕೊಂಡರು. ಮೂಲೆಗೆ ಮೂಲೆ ಕೂಡಿಸಿ ಇಬ್ಬರೂ ಮಡಚಿದೆವು. “ಇದನ್ನ ಪುಟ್ಟಿಗೆ ಹೇಳ್ಬೇಡ. ಹೇಳಿದ್ರೆ ನಾನು ಒಳಗೆ ಹೋಗ್ತೀನಿ, ನೀನು ಬೀದಿಗೆ ಬರ್ತೀಯ” ಅಂದರು. ಎಲ್ಲರ ಮೇಲೂ ಕೂಗಾಡುವ ನಾನು ಅವತ್ತು ಹೊದಿಕೆ ಎತ್ತಿಕೊಂಡು ಮೆಟ್ಟಿಲಿಳಿದೆ. ನನಗೆ ಗಂಡ ಮನೆಯಲ್ಲಿರಬೇಕಿತ್ತು. ಬೇರೆ ನೆಪ ಹೇಳಲಾರೆ.

ಎಂಟನೇ ದಿನ ಮಧ್ಯಾಹ್ನ ಹನ್ನೆರಡಕ್ಕೇ ಪುಟ್ಟಿ ಮನೆಗೆ ಬಂದಳು. ಕೈಯಲ್ಲಿ ಬಿಚ್ಚದ ಊಟದ ಡಬ್ಬಿ, ದಾರ ಕತ್ತರಿಸುವ ಪುಟ್ಟ ಕತ್ತರಿ. ಕೊರಳಲ್ಲಿ ಚೀಟಿ ಇರಲಿಲ್ಲ. “ನಾಳೆಯಿಂದ ಬರಬೇಡ” ಅಂದಿದ್ದರು. ಕಾರಣ ಕೇಳಿದರೆ, “ಕೈ ನಿಧಾನ” ಅಂದರಂತೆ. ಅಲ್ಲಿಂದ ನೇರ ನಗರಸಭೆಗೂ ಹೋಗಿದ್ದಳು. ಚೀಟಿ ಇಲ್ಲದೆ ಕಿಟಕಿಯವಳು ದೂರು ಬರೆದುಕೊಳ್ಳಲಿಲ್ಲ.

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಪೀಡೆ ತೊಲಗ್ತು ಅಂದ್ಕೋ. ಬೇರೆ ಕಡೆ ಸಿಗುತ್ತೆ” ಎಂದು ಮಗಳ ತಲೆ ಸವರಿದರು. ಬಹಳ ದಿನದ ಮೇಲೆ ಅವತ್ತು ಅವರು ಹೊಟ್ಟೆತುಂಬ ಉಂಡರು. ಮಾವನೂ ಉಂಡರು, ಉಂಡು ಮಧ್ಯಾಹ್ನ ಮಲಗಿಬಿಟ್ಟರು. ನಾನು ನೋಡುತ್ತಲೇ ಇದ್ದೆ. ಆ ಮಂಗಳವಾರದ ಊಟದಿಂದ ಕಣ್ಣು ಮುಚ್ಚದಿದ್ದ ಮನುಷ್ಯ, ಮಗಳು ಆ ಕಟ್ಟಡದಿಂದ ಹೊರಗೆ ಬಂದ ಕೂಡಲೇ ಗೊರಕೆ ಹೊಡೆದರು. ಎದ್ದ ಮೇಲೆ ಅರ್ಜಿಯ ಸುದ್ದಿ ಎತ್ತಲಿಲ್ಲ. ಸಂಜೆಯೂ ಎತ್ತಲಿಲ್ಲ. ಮರುದಿನವೂ ಇಲ್ಲ.

ಮೂರನೇ ದಿನ ಪುಟ್ಟಿಯೇ ಕೇಳಿದಳು: “ಅಪ್ಪಾ, ನಾನು ಇಳಿದು ಬಂದೆ ಅಂತ ನಿಮ್ಮ ಬೆರಳು ನಿಂತುಹೋಯ್ತಾ?”

ಮಾವ ಪೇಪರಿನಿಂದ ಮುಖ ಎತ್ತಲಿಲ್ಲ. “ಅವನೂ ನನ್ನ ಮಗನೇ ಅಲ್ವೇನಮ್ಮ” ಅಂದರು.

“ಹತ್ತು ದಿನದ ವಿಷಯ ಈ ಮೇಜಿನಲ್ಲಿ ಕೂತವರಿಗೆ ಮಾತ್ರ ಗೊತ್ತಿತ್ತು. ಸೂಪರ್‌ವೈಸರಿಗೆ ಹೇಳಿದ್ಯಾರು?”

ಅವಳು ಅಣ್ಣನನ್ನು ನೋಡಿದಳು, ಅಮ್ಮನನ್ನು ನೋಡಿದಳು, ಕಡೆಗೆ ನನ್ನನ್ನು. ನಾನು ಬೇಳೆಯ ಪಾತ್ರೆಯಲ್ಲಿ ಸೌಟು ತಿರುಗಿಸುತ್ತ ನಿಂತೆ. ಪಾಪದ ಹುಡುಗಿ, ನನ್ನನ್ನು ಒಡಹುಟ್ಟಿದ ಅಕ್ಕನ ಹಾಗೆ ಕಂಡವಳು. ಮರುದಿನ ಬೆಳಿಗ್ಗೆ ಎರಡು ಚೀಲ ತುಂಬಿಕೊಂಡು ಗೆಳತಿಯೊಬ್ಬಳ ಬಾಡಿಗೆ ಕೋಣೆಗೆ ಹೊರಟುಹೋದಳು. “ಎರಡು ದಿನ, ವಾಪಸ್ ಬರ್ತಾಳೆ” ಅಂದರು ಅತ್ತೆ. ಬರಲಿಲ್ಲ. ಅರ್ಜಿ ಹಾಳೆ ಹಳೆಯ ಪೇಪರುಗಳ ಜೊತೆ ಸೇರಿ ರದ್ದಿಗೆ ಹೋಯಿತು. ಯಾರು ಸೇರಿಸಿದರೋ ಗೊತ್ತಿಲ್ಲ, ಯಾರೂ ಕೇಳಲೂ ಇಲ್ಲ.

ಹದಿನೈದು ದಿನ ಕಳೆದಿರಬೇಕು. ಶನಿವಾರ ಸಂಜೆ ಕೆಳಗಿನ ಮನೆಯಾಕೆ ಮೇಲೆ ಬಂದರು. ಆಸ್ಪತ್ರೆಯಲ್ಲಿ ವಾರ್ಡು ಒರೆಸುವ ಕೆಲಸ, ಗಂಡ ಇಲ್ಲ, ಒಬ್ಬಳೇ ಮಗಳು. ಹಿಂದಿನ ವರ್ಷ ಅತ್ತೆಯ ಕಾಲು ಮುರಿದಾಗ ಹನ್ನೊಂದು ದಿನ, ತನ್ನ ಪಾಳಿ ಮುಗಿಸಿ ಬಂದು, ಅತ್ತೆಯನ್ನು ಮಗ್ಗುಲು ಹೊರಳಿಸಿ ಮೈ ಒರೆಸಿದ ಹೆಂಗಸು ಈಕೆ. ದುಡ್ಡು ಕೊಡಲು ಹೋದರೆ ಬೈದಿದ್ದರು. ಆ ಶನಿವಾರ ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ, ಮುಖದ ತುಂಬ ನಗು.

“ನನ್ನ ಮಗಳಿಗೆ ಕೆಲಸ ಆಯ್ತು! ನಿಮ್ಮ ಪುಟ್ಟಿ ಬಿಟ್ಟ ಜಾಗಾನೇ. ಚೆಕಿಂಗ್ ಟೇಬಲ್ಲು. ಖಾಲಿ ಇದೆ ಅಂತ ಬೋರ್ಡು ಹಾಕಿದ್ರಂತೆ, ಹೋದ ಕೂಡಲೇ ತಗೊಂಡ್ರು. ಸೋಮವಾರದಿಂದ.”

ಮಾವ ಕುರ್ಚಿಯಿಂದ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅತ್ತೆ, “ಒಳ್ಳೇದಾಯ್ತು” ಅಂದರು, ತಗ್ಗಿದ ಧ್ವನಿಯಲ್ಲಿ.

“ನಿಮ್ಮ ಹುಡುಗಿ ಯಾಕೆ ಬಿಟ್ಳು? ಜಾಗ ಚೆನ್ನಾಗಿದೆ ತಾನೆ? ನನಗಿರೋದು ಇವಳೊಬ್ಬಳು, ಅದಕ್ಕೇ ಕೇಳಿದೆ. ನಿಮ್ಮವರೇ ಬರೆದ ಬಿಲ್ಡಿಂಗಂತೆ, ಮತ್ತೇನು ಯೋಚನೆ ಅಂದ್ಲು ಮಗಳು.”

ಆಕೆ ಕೇಳಿದ್ದು ಅತ್ತೆಯನ್ನು. ಅತ್ತೆ ನನ್ನತ್ತ ನೋಡಿದರು. ಹಾಲಿನ ಪಾತ್ರೆ ಒಲೆಯ ಮೇಲಿತ್ತು. ಒಂದು ಮಾತು ಸಾಕಿತ್ತು, ಅದು ನನ್ನ ನಾಲಿಗೆಯ ಮೇಲೇ ಇತ್ತು.

“ಚೆನ್ನಾಗಿದೆ” ಅಂದೆ. “ಪುಟ್ಟಿಗೆ ಬೇರೆ ಕಡೆ ಸಿಕ್ತು, ಅದಕ್ಕೆ ಬಿಟ್ಳು.”

ಆಕೆ ನನ್ನ ಕೈಗೆ ಬಿಸ್ಕತ್ತು ಇಟ್ಟು, ಗಲ್ಲ ಮುಟ್ಟಿ, ನಿಮ್ಮ ಮನೆ ಋಣ ತೀರಿಸೋಕಾಗಲ್ಲ ಎಂದು ಹೇಳಿ ಇಳಿದುಹೋದರು. ನಾನು ಚಹಾ ಮಾಡಿದೆ. ನನ್ನ ಗಂಡ ಬಂದ ಮೇಲೆ ಎಲ್ಲರಿಗೂ ಎರಡೆರಡು ಬಿಸ್ಕತ್ತು ಕೊಟ್ಟೆ. ಎಲ್ಲಿಂದ ಬಂತು ಎಂದು ಕೇಳಿದರು, ಹೇಳಿದೆ. ಚಹಾದಲ್ಲಿ ಅದ್ದಿದ್ದನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ತಿಂದರು.

ಸೋಮವಾರ ಬೆಳಿಗ್ಗೆ ಏಳೂವರೆಗೆ ನಾನು ಹೊರಮೆಟ್ಟಿಲು ಗುಡಿಸುತ್ತಿದ್ದೆ. ಕೆಳಗಿನ ಮನೆಯ ಹುಡುಗಿ ಹೊರಗೆ ಬಂದಳು. ಒಗೆದು ಇಸ್ತ್ರಿ ಮಾಡಿದ ಬಟ್ಟೆ, ಎಣ್ಣೆ ಹಚ್ಚಿ ಬಿಗಿದು ಹೆಣೆದ ಜಡೆ, ಅಮ್ಮನ ಹಳೆಯ ಕೈಚೀಲದಲ್ಲಿ ಊಟದ ಡಬ್ಬಿ. ನನ್ನನ್ನು ಕಂಡು ನಿಂತಳು.

“ಅಕ್ಕಾ, ಪುಟ್ಟಕ್ಕ ಯಾವ ಬಸ್ಸಿಗೆ ಹೋಗ್ತಿದ್ರು?”

“ಏಳು ನಲವತ್ತರದ್ದು. ಮೂಲೆ ಔಷಧಿ ಅಂಗಡಿ ಮುಂದೆ ನಿಲ್ಲುತ್ತೆ.”

“ಅದು ಹೋದ್ರೆ?”

“ಇನ್ನೊಂದು ಬರೋದು ಎಂಟೂಕಾಲಿಗೆ. ಅಷ್ಟರಲ್ಲಿ ಗೇಟು ಹಾಕಿಬಿಡ್ತಾರೆ” ಅಂದೆ. ಪೊರಕೆ ನನ್ನ ಕೈಯಲ್ಲೇ ಇತ್ತು. ಹುಡುಗಿ ನಗುತ್ತ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು, ಇನ್ನೇನಾದರೂ ಹೇಳುವುದಿದೆಯೇ ಎಂಬಂತೆ.

“ಓಡು, ತಡ ಮಾಡ್ಬೇಡ” ಅಂದೆ.

ಅವಳು ಓಡಿದಳು.